ಒಂದು ಪರ್ಸೆಂಟ್, ಒಂದು ಚುಕ್ಕೆ

ಸಾಗರದಲ್ಲಿ ಭಾವನ ಹಾರ್ಡ್‌ವೇರ್ ಅಂಗಡಿ. ಅಲ್ಲಿನ ಹಳೇ ಕಂಪ್ಯೂಟರಿಗೆ ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನೇ, ಹಾಗಾಗಿ ಅದು ಕೆಮ್ಮಿದರೂ ಫೋನ್ ನನಗೇ. ಈ ಸಲ ಭಾವನಿಗೆ ಹಳೇ ಲೆಕ್ಕದ ಬ್ಯಾಕಪ್ ಬೇಕಿತ್ತು. ಪೆನ್‌ಡ್ರೈವ್ ನೋಡಿದರೆ ಖಾಲಿ. ಒಂದು ದಿನದ್ದೂ ಇಲ್ಲ.

ದಿನಾ ಬ್ಯಾಕಪ್ ಮಾಡುವ ಕೆಲಸವನ್ನು ಕ್ರಾನ್‌ಗೆ, ಅಂದರೆ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಪ್ರೋಗ್ರಾಮಿಗೆ, ವಹಿಸಿದ್ದೆ. ಬೆಂಗಳೂರಿಂದ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಆ ಕಂಪ್ಯೂಟರಿನ ಒಳಹೊಕ್ಕು), ಕ್ರಾನ್ ಓದುವ ಪಟ್ಟಿಯಾದ ಕ್ರಾನ್‌ಟ್ಯಾಬಿನಲ್ಲಿ ಬರೆದಿದ್ದ ಕಮಾಂಡನ್ನೇ ಟರ್ಮಿನಲ್ಲಿಗೆ ಹಾಕಿದೆ. ಸಲೀಸಾಗಿ ಓಡಿತು. ಹಾಗಾದರೆ ಕ್ರಾನ್‌ಗೇನು ರೋಗ? ಏನೇನು ಓಡಿತೆಂದು ಬರೆದಿಡುವ ಲಾಗ್ ತೆಗೆದೆ. ದಿನಾ ಮಧ್ಯಾಹ್ನ 1 ಗಂಟೆಗೆ ಸರಿಯಾಗಿ ಶುರುವಾಗಿದೆ, ಆದರೆ ಕಮಾಂಡ್ ತಾರೀಖು ಕೊಡುವ ‘ಡೇಟ್ +’ ಅನ್ನುವಲ್ಲಿಗೇ ತುಂಡು. ಅದರ ಮುಂದಿದ್ದದ್ದು % ಚಿಹ್ನೆ. ಕ್ರಾನ್‌ಟ್ಯಾಬಿನಲ್ಲಿ % ಬಂತೆಂದರೆ ಕಮಾಂಡ್ ಅಲ್ಲಿಗೆ ಮುಗಿಯಿತು. ಮಿಕ್ಕಿದ್ದು ಅದಕ್ಕೆ ಇನ್‌ಪುಟ್ ಆಗಿ ಹೋಗುತ್ತದೆ. % ಬೇಕೇ ಬೇಕೆಂದರೆ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಕಮಾಂಡ್ ಓಡಿಸುವ ಶೆಲ್ ಈ ತುಂಡು ಕಮಾಂಡ್ ನೋಡಿ ದಿನಾ ಬೈದಿರುತ್ತದೆ, ಅದನ್ನು ಮೇಲ್ ಮಾಡಲು ಹೋದ ಕ್ರಾನ್, ಮೇಲ್ ಕಳಿಸುವ ಪ್ರೋಗ್ರಾಮೇ ಇಲ್ಲವೆಂದು ಎಸೆದುಬಿಟ್ಟಿದೆ. ಹಾಗೆ ಎಸೆದದ್ದೂ ಲಾಗಿನಲ್ಲೇ ಇತ್ತು, ನೋಡುವವರ್ಯಾರು?

ಬ್ಯಾಕ್‌ಸ್ಲ್ಯಾಶ್ ಹಾಕಿ ಸುಮ್ಮನಿರಬಹುದಿತ್ತು. ಜಾಣತನ ಮಾಡಿದೆ. ಸ್ಕ್ರಿಪ್ಟ್ ಒಳಗೆ % ತಂಟೆಯಿಲ್ಲವಲ್ಲ ಅಂತ ಒಂದು ಸ್ಕ್ರಿಪ್ಟ್ (ಕಮಾಂಡುಗಳನ್ನು ಬರೆದಿಟ್ಟ ಫೈಲ್) ಬರೆದು, ದಿನಕ್ಕೊಮ್ಮೆ ಓಡಬೇಕಾದ್ದನ್ನು ಇಡುವ ಕ್ರಾನ್.ಡೈಲಿ ಫೋಲ್ಡರಿಗೆ ಹಾಕಿದೆ. ಮೂರು ದಿನವಾದರೂ ಫೈಲ್ ಇಲ್ಲ. ಆ ಫೋಲ್ಡರಿನ ಸರದಿ ಬೆಳಗ್ಗೆ 6:25ಕ್ಕೆ.

“ಭಾವ, ರಾತ್ರಿ ಕಂಪ್ಯೂಟರ್ ಆಫ್ ಮಾಡ್ತೀರಾ?”

“ಮತ್ತೆಂತ, ರಾತ್ರಿಯೆಲ್ಲ ಉರಿಸ್ಬೇಕಾ? ಕರೆಂಟ್ ಬಿಲ್ ನೀನು ಕಟ್ತೀಯಾ?”

ಅನಾಕ್ರಾನ್ ಹಾಕಿದೆ. ತಪ್ಪಿಹೋದ ಕೆಲಸವನ್ನು ಕಂಪ್ಯೂಟರ್ ಆನ್ ಆದಮೇಲೆ ಅದು ಮಾಡಿಸುತ್ತದೆ. ಮಾರನೇ ದಿನ ಕ್ರಾನ್.ಡೈಲಿ ಓಡಿದೆ ಅಂತ ಲಾಗ್ ಹೇಳಿತು, ಎರರ್ ಇಲ್ಲ. ಫೈಲೂ ಇಲ್ಲ!

ಆ ಫೋಲ್ಡರನ್ನು ಓಡಿಸುವುದು ರನ್-ಪಾರ್ಟ್ಸ್. ಅದಕ್ಕೆ ‘--ಟೆಸ್ಟ್’ ಕೊಟ್ಟರೆ ಏನೇನು ಓಡಿಸುತ್ತದೆಂದು ಹೆಸರಷ್ಟೇ ಹೇಳುತ್ತದೆ. ನನ್ನ ಸ್ಕ್ರಿಪ್ಟ್ ಅದರಲ್ಲಿಲ್ಲ. ಪರ್ಮಿಷನ್ ನೋಡಿದೆ, ಸರಿಯಿದೆ. ಓನರ್ ರೂಟ್, ಅಂದರೆ ಕಂಪ್ಯೂಟರಿನ ಯಜಮಾನ ಅಕೌಂಟ್, ಅದೂ ಸರಿ. ಅರ್ಧ ಗಂಟೆ ಒದ್ದಾಡಿದ ಮೇಲೆ ಫೈಲಿನ ಹೆಸರು ಕಣ್ಣಿಗೆ ಬಿತ್ತು: ‘ಬ್ಯಾಕಪ್.ಎಸ್‌ಎಚ್’. ಡೆಬಿಯನ್ನಿನ ರನ್-ಪಾರ್ಟ್ಸ್‌ಗೆ ಹೆಸರಿನಲ್ಲಿ ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್ ಬಿಟ್ಟರೆ ಬೇರೇನೂ ಆಗದು. ಚುಕ್ಕೆ ಕಂಡರೆ ತುಟಿ ಪಿಟಕ್ಕೆನ್ನದೆ ಮುಂದೆ ಹೋಗುತ್ತದೆ. ಒಂದು ಸಾಲು ಗೊಣಗಿದ್ದರೆ ಅದರ ಗಂಟೇನು ಹೋಗುತ್ತಿತ್ತೋ.

ಹೆಸರಿನಿಂದ ‘.ಎಸ್‌ಎಚ್’ ಕಿತ್ತೆ. ಈಗ ಪೆನ್‌ಡ್ರೈವಿನಲ್ಲಿ ಆರು ದಿನದ ಆರು ಫೈಲ್ ಇವೆ. ಭಾನುವಾರದ್ದು ಇಲ್ಲ, ಅಂಗಡಿಗೆ ರಜ.