ಬ್ಲಾಂಡಿ ಎಂದರೆ ಒಬ್ಬರಲ್ಲ

ಬೆಳಗಿನಿಂದ ಬ್ಲಾಂಡಿ ತಂಡದ ಹಳೆಯ ಹಾಡುಗಳನ್ನೇ ಕೇಳುತ್ತಿದ್ದೇನೆ. 1974ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ರಾಕ್ ತಂಡದ ಗಾಯಕಿ ಡೆಬ್ಬಿ ಹ್ಯಾರಿ ಎಷ್ಟು ಪ್ರಸಿದ್ಧರಾದರೆಂದರೆ, ಬ್ಲಾಂಡಿ ಎಂಬುದು ಅವರದೇ ಹೆಸರೆಂದು ಜನ ನಂಬಿಬಿಟ್ಟರು. ಕೊನೆಗೆ ‘ಬ್ಲಾಂಡಿ ಒಂದು ತಂಡ’ ಎಂದು ಅಚ್ಚು ಹಾಕಿಸಿದ ಬಿಲ್ಲೆಗಳನ್ನೇ ಹಂಚಬೇಕಾಯಿತು. ಅಂಗಿಗೆ ಸಿಕ್ಕಿಸುವ ಆ ಪುಟ್ಟ ಬಿಲ್ಲೆಯನ್ನು ಕಂಡಾಗ, ಹಿಂದೆ ಕುಳಿತು ಡ್ರಮ್ ಬಾರಿಸುವವರಿಗೆ ಏನನ್ನಿಸಿರಬಹುದೆಂದು ನೆನೆದರೆ ಸಂಕಟವಾಗುತ್ತದೆ. ಆದರೆ ಕ್ಯಾಮೆರಾಗಳು ಒಬ್ಬರನ್ನೇ ಹುಡುಕಿದ್ದಕ್ಕೆ ಅಹಂಕಾರದ ಆರೋಪವನ್ನು ಆ ಹೆಣ್ಣಿನ ತಲೆಗೇ ಕಟ್ಟುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. 1982ರಲ್ಲಿ ತಂಡ ಒಡೆಯಿತು. 2006ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದಾಗ, ಮುಂದೆ ಮತ್ತೆ ಒಂದಾದ ತಂಡದಿಂದ ಹೊರಗುಳಿದಿದ್ದ ಹಳೆಯ ಗಿಟಾರ್ ವಾದಕ ಫ್ರಾಂಕ್ ಇನ್ಫಾಂಟೆ ತಮಗೂ ನುಡಿಸಲು ಅವಕಾಶ ಕೊಡಬೇಕೆಂದು ವೇದಿಕೆಯ ಮೇಲೆಯೇ ಕೇಳಿದರು, ಹ್ಯಾರಿ ಒಪ್ಪಲಿಲ್ಲ.