ಬಾಲದ ಕಡೆ ಬಿದ್ದ ಟೊಪ್ಪಿ

2023ರ ಏಪ್ರಿಲ್. ವಿಧಾನಸಭೆ ಚುನಾವಣೆಯ ಓಡಾಟ ಜೋರಾಗಿತ್ತು. ನಾನು ಹೊಸನಗರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ರಜೆಯಲ್ಲಿ ಮನೆಯಲ್ಲಿದ್ದೆ. ಹೆಡ್‌ಮಾಸ್ಟರ್ ಫೋನ್ ಮಾಡಿದರು. "ನಾಡಿದ್ದು ನಮ್ಮ ಗ್ರೌಂಡಿಗೆ ಹೆಲಿಕಾಪ್ಟರ್ ಬರುತ್ತಂತೆ. ಮಕ್ಕಳನ್ನ ನೀವೇ ನೋಡ್ಕೋಬೇಕು ಮೇಷ್ಟ್ರೇ."

ಪ್ರಚಾರಕ್ಕೆ ಬಾಡಿಗೆಗೆ ತೆಗೆದುಕೊಂಡ ಚಿಕ್ಕ ಖಾಸಗಿ ಹೆಲಿಕಾಪ್ಟರ್ ಅದು. ಹಿಂದಿನ ದಿನವೇ ಕಂಪನಿ ಕಡೆಯಿಂದ ಒಬ್ಬ ಹುಡುಗ ಬಂದ. ಹಾಸನದ ಕಡೆಯವನು. ಸುಣ್ಣದಲ್ಲಿ ಬರೆದಿದ್ದ ದೊಡ್ಡ ವೃತ್ತ, ನಡುವಿನ ಹೆಚ್ ಅಕ್ಷರವನ್ನು ಒಮ್ಮೆ ನೋಡಿದ, ಅಷ್ಟೆ. ಆಮೇಲೆ ಅವನ ಕಣ್ಣೆಲ್ಲ ಸುತ್ತಮುತ್ತಲೇ. ಪ್ಲಾಸ್ಟಿಕ್ ಕೊಟ್ಟೆ, ಗೋಣಿಚೀಲ, ಒಣಗಿದ ಸೋಗೆ ಎಲ್ಲವನ್ನೂ ಆರಿಸಿ ತೆಗೆಸಿದ. "ಹೋದ ತಿಂಗಳು ಜೇವರ್ಗಿಯಲ್ಲಿ ಆದದ್ದು ನೋಡಿದ್ರಲ್ಲ ಸಾರ್?" ಅಂದ. ನೋಡದೆ ಏನು? ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವ ಹೊತ್ತಿಗೆ ಪ್ಲಾಸ್ಟಿಕ್ ಹಾಳೆಗಳು ಎದ್ದು ಹಾರಿದವು. ಪೈಲಟ್ ಇಳಿಸದೆ ಮೇಲಕ್ಕೆ ಹೋಗಿ, ಜಾಗ ಸ್ವಚ್ಛ ಮಾಡಿದ ಮೇಲೆ ಇಳಿಸಿದರು. ನಮ್ಮ ಜಿಲ್ಲೆಯಲ್ಲಿ ಆ ವಿಡಿಯೋ ನೋಡದವರು ಕಮ್ಮಿ.

ಮೈದಾನದ ಪಕ್ಕದ ಮನೆಯ ಅಜ್ಜಿ ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಹಲಸಿನ ಹಪ್ಪಳ ಒಣಗಿಸಿದ್ದರು. ಮರುದಿನ ಹಾಕಬೇಡಿ ಅಂತ ಹೇಳಲು ಹೋದೆ. "ಬಿಸಿಲು ತಪ್ಪಿದರೆ ಬೂಸ್ಟು ಹಿಡೀತದೆ ಮೇಷ್ಟ್ರೇ" ಅಂದರು. ಹಾಳೆ ಹಾರಿ ರೆಕ್ಕೆಗೆ ಸಿಕ್ಕಿದರೆ ಏನಾಗಬಹುದು ಅಂತ ಬಿಡಿಸಿ ಹೇಳಿದೆ. ಅಜ್ಜಿ ಸುಮ್ಮನೆ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ನೋಡಿದರೆ ಹಾಳೆ ಮಡಚಿ ಒಳಗಿಟ್ಟಿದ್ದರು. ಹಪ್ಪಳವೂ ಒಳಗೆ. ಅಜ್ಜಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಆ ಹುಡುಗ ನನಗೆ ಮತ್ತೂ ಒಂದಷ್ಟು ಹೇಳಿದ್ದ. ನಮ್ಮ ಮೈದಾನ ಗುಡ್ಡ ಕಡಿದು ಮಾಡಿದ್ದು, ಒಂದು ಬದಿ ದರೆ. ದರೆ ಕಡೆಯಿಂದ ಯಾರೂ ಇಳಿಯಬಾರದು, ಎತ್ತರದಿಂದ ಬರುವವನ ತಲೆಗೂ ತಿರುಗುವ ರೆಕ್ಕೆಗೂ ನಡುವಿನ ಜಾಗ ಕಮ್ಮಿ ಅಂದ. ಹೋಗುವುದಾದರೆ ಪೈಲಟ್ ಕಣ್ಣಿಗೆ ಕಾಣುವ ಹಾಗೆ ಮುಂದಿನಿಂದ, ಅದೂ ಅವರು ಕೈ ಮಾಡಿ ಕರೆದ ಮೇಲೆ. ಬಾವುಟ, ಕೊಡೆ ಯಾವುದನ್ನೂ ತಲೆ ಮೇಲೆ ಎತ್ತುವ ಹಾಗಿಲ್ಲ. ನನಗೆ ಹೊಸದಾಗಿ ಕಂಡದ್ದು ಇನ್ನೊಂದು ಮಾತು. ರೆಕ್ಕೆ ಜೋರಾಗಿ ತಿರುಗುವಾಗ ಬಿಗಿಯಾಗಿ ಚಾಚಿಕೊಂಡಿರುತ್ತದಂತೆ. ನಿಧಾನವಾದ ಹಾಗೆ ಜೋತು ಬೀಳುತ್ತದೆ, ಆಗ ಒಂದು ಗಾಳಿ ಬೀಸಿದರೂ ತಲೆಮಟ್ಟಕ್ಕೆ ಬರಬಹುದು. "ಇಳಿದ ಕೂಡಲೇ ಎಂಜಿನ್ ಆಫ್ ಮಾಡೋ ಹಾಗಿಲ್ಲ ಸಾರ್. ತಣಿಯೋಕೆ ಎರಡು ನಿಮಿಷ ಓಡಲೇಬೇಕು. ಜನ ನುಗ್ಗೋದು ಆವಾಗ್ಲೇ."

ಹನ್ನೊಂದೂವರೆಗೆ ಸದ್ದು ಕೇಳಿಸಿತು. ಟ್ಯಾಂಕರ್ ನೀರು ಹೊಡೆಸಿದ್ದರೂ ಕೆಂಪು ಧೂಳು ಎದ್ದು ಮುಖಕ್ಕೆ ರಾಚಿತು. ಮಕ್ಕಳು ಹಗ್ಗದ ಹಿಂದೆ ಕಣ್ಣು ಮುಚ್ಚಿ ಕೂತರು. ಗಾಳಿಗೆ ಮುಖ ಮಾಡಿ ಇಳಿದಿದ್ದರಿಂದ ಹೆಲಿಕಾಪ್ಟರಿನ ಬಾಲ ನಮ್ಮ ಕಡೆಗೇ ಇತ್ತು. ಧೂಳು ಕೂತಿತು. ಎಲ್ಲರೂ ಎದ್ದು ನಿಂತರು, ಚಪ್ಪಾಳೆ, ಜೈಕಾರ. ಹಗ್ಗ ಹಿಡಿದವರ ಕೈಯೂ ಸಡಿಲವಾಯಿತು. ನಾನೂ ಉಸಿರು ಬಿಟ್ಟೆ. ಆ ಗಳಿಗೆಯಲ್ಲಿ ಉಸಿರು ಬಿಡಬಾರದಿತ್ತು.

ಎಂಟನೇ ಕ್ಲಾಸಿನ ಒಬ್ಬ ಹುಡುಗ ಹಗ್ಗದ ಕೆಳಗೆ ನುಸುಳಿ ಓಡಿದ. ಇಳಿಯುವಾಗಿನ ಗಾಳಿಗೆ ಅವನ ಟೊಪ್ಪಿ ಹಾರಿ ಸುಣ್ಣದ ಗೆರೆಯ ಹತ್ತಿರ ಬಿದ್ದಿತ್ತು, ಸೀದಾ ಬಾಲದ ಕಡೆ. ಓಟದಲ್ಲಿ ತಾಲೂಕಿಗೆ ಹೋಗಿ ಬಂದ ಹುಡುಗ ಅವನು. ಕಲಿಸಿದವನು ನಾನೇ. ಕೂಗಿದೆ, ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಬಿದ್ದಂಬೀಳ ಓಡಿದೆ. ನನ್ನಿಂದ ಅವನನ್ನು ಹಿಡಿಯಲು ಆಗುತ್ತಿರಲಿಲ್ಲ, ನಿಜ ಹೇಳಬೇಕು. ಟ್ಯಾಂಕರ್ ನೀರಿಗೆ ಕೆಸರಾದ ಜಾಗದಲ್ಲಿ ಅವನ ಕಾಲು ಜಾರಿತು. ಆಗ ಕಾಲರ್ ಕೈಗೆ ಸಿಕ್ಕಿತು. ಎಳೆದ ರಭಸಕ್ಕೆ ಎರಡು ಗುಂಡಿ ಕಿತ್ತು ಬಂದವು. ಅವನನ್ನು ಅವಚಿಕೊಂಡು ಅಲ್ಲೇ ಕೆಸರಲ್ಲಿ ಕೂತುಬಿಟ್ಟೆ.

"ಅಲ್ಲಿ ಏನೂ ಇರ್ಲಿಲ್ಲ ಅಲ್ವಾ ಸಾರ್?" ಅಂದ. ಅವನ ತಪ್ಪಲ್ಲ. ನಾನೂ ತಲೆ ಎತ್ತಿ ನೋಡಿದೆ. ಬಾಲದ ತುದಿಯಲ್ಲಿ ತೆಳು ಹೊಗೆಯಂಥದ್ದು ಏನೋ. ಅದರ ಆಚೆ ಶಾಲೆಯ ಹೆಂಚು, ನೀಲಗಿರಿ ಮರ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.

ಭಾಷಣ ನಡೆಯುವಾಗ ಕಂಪನಿಯ ಹುಡುಗನನ್ನು ಕೇಳಿಕೊಂಡು ನಮ್ಮ ಹುಡುಗನನ್ನು ಹೆಲಿಕಾಪ್ಟರ್ ಹತ್ತಿರ ಕರೆದುಕೊಂಡು ಹೋದೆ. ಎಲ್ಲ ನಿಂತಿತ್ತು. ಬಾಲದ ತುದಿಯಲ್ಲಿ ಎರಡೇ ಎರಡು ಅಲಗು, ಒಂದೊಂದು ನನ್ನ ತೋಳಿಗಿಂತ ಸ್ವಲ್ಪ ಉದ್ದ. ಮೇಲೆ ಬಣ್ಣದ ಪಟ್ಟೆ. ಅಂಚು ತೆಳ್ಳಗೆ, ಎತ್ತರ ಸರಿಯಾಗಿ ಅವನ ತಲೆಯ ಮಟ್ಟಕ್ಕೆ. ತಿರುಗುವಾಗ ನಿಮಿಷಕ್ಕೆ 2,000 ಸುತ್ತಿಗಿಂತ ಜಾಸ್ತಿ, ಅದಕ್ಕೇ ಕಣ್ಣಿಗೆ ಕಾಣೋದಿಲ್ಲ ಅಂತ ಕಂಪನಿಯ ಹುಡುಗ ಹೇಳಿದ. ನಮ್ಮವನು ಅಲಗನ್ನೇ ನೋಡುತ್ತಾ ನಿಂತ. ಆಮೇಲೆ ತಾನು ಜಾರಿ ಬಿದ್ದ ಗುರುತಿನಿಂದ ಅಲ್ಲಿಯವರೆಗೆ ಹೆಜ್ಜೆ ಎಣಿಸಿದ. ಹನ್ನೆರಡು.

ಟೊಪ್ಪಿ ಇನ್ನೂ ಸುಣ್ಣದ ಗೆರೆಯ ಮೇಲೆ ಬಿದ್ದಿತ್ತು. "ಈಗ ಎತ್ಕೋ, ಪರವಾಗಿಲ್ಲ" ಅಂದೆ. "ಬೇಡ ಸಾರ್" ಅಂದು ನನ್ನ ಕೈ ಹಿಡಿದುಕೊಂಡ.