ಮದರ್‌ಬೋರ್ಡ್ ಬದಲಿಸಿದ ಶನಿವಾರ

ಗೇಮ್ ತಡವರಿಸಿದರೆ ಎಲ್ಲರೂ ಮೊದಲು ಗ್ರಾಫಿಕ್ಸ್ ಕಾರ್ಡ್ ಕಡೆಗೇ ಬೆರಳು ತೋರಿಸುತ್ತಾರೆ. ನನ್ನ ಹತ್ತಿರ ಕಾರ್ಡ್ ಚೆನ್ನಾಗೇ ಇತ್ತು, ಆರ್‌ಟಿಎಕ್ಸ್ 3060. ಹಳೇ ಕಾರ್ಡ್ ಕೆಟ್ಟು ಹೋದಾಗ ತಗೊಂಡಿದ್ದು. ಪ್ರೊಸೆಸರ್ ಮಾತ್ರ 2017ರ ಐ5-7400. ನಾಲ್ಕು ಕೋರ್ (ಲೆಕ್ಕ ಹಾಕುವ ಘಟಕ), ನಾಲ್ಕೇ ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಸಾಲು). ಸೈಬರ್‌ಪಂಕ್ 2077ರಲ್ಲಿ ಜನ ತುಂಬಿದ ಬೀದಿಗೆ ಕಾರು ನುಗ್ಗಿಸಿದರೆ ಸಾಕು, ಚಿತ್ರ ಗಕ್ಕಂತ ನಿಂತುಬಿಡುತ್ತಿತ್ತು, ಆಮೇಲೆ ಒಮ್ಮೆಲೇ ಮುಂದಕ್ಕೆ ಹಾರುತ್ತಿತ್ತು. ಅಷ್ಟರಲ್ಲಿ ಕಾರು ಕಂಬಕ್ಕೆ ಗುದ್ದಿರುತ್ತಿತ್ತು.

ಪರದೆಯ ಮೂಲೆಯಲ್ಲಿ ಅಂಕಿಗಳು ಕಾಣುವ ಹಾಗೆ ಮಾಡಿಕೊಂಡು ನೋಡಿದೆ. ನಾಲ್ಕೂ ಕೋರ್ ನೂರಕ್ಕೆ ನೂರು ದುಡಿಯುತ್ತಿವೆ, ಕಾರ್ಡ್ ಮಾತ್ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೆಲಸ ಮಾಡಿ ಸುಮ್ನೆ ಕೂತಿದೆ. ಯಾರು ಎಲ್ಲಿ ನಿಂತಿದ್ದಾರೆ, ಯಾವ ಕಾರು ಯಾವ ಕಡೆ ತಿರುಗುತ್ತಿದೆ ಅಂತೆಲ್ಲ ಪ್ರೊಸೆಸರ್ ಲೆಕ್ಕ ಹಾಕಿ ಹೇಳಿದ ಮೇಲೇ ಕಾರ್ಡ್ ಚಿತ್ರ ಬರೆಯುವುದು. ದರ್ಶಿನಿಯಲ್ಲಿ ಟೋಕನ್ ಕೊಡುವವರು ನಿಧಾನ ಆದರೆ ಒಳಗೆ ದೋಸೆ ಹುಯ್ಯುವವರು ಎಷ್ಟು ಚುರುಕಾಗಿದ್ದು ಏನು ಪ್ರಯೋಜನ? ಇದನ್ನು ಯಾರು ಬೇಕಾದರೂ ಮನೆಯಲ್ಲೇ ಪರೀಕ್ಷೆ ಮಾಡಬಹುದು. ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ. ಸೆಕೆಂಡಿಗೆ ಬರುವ ಚಿತ್ರಗಳು, ಅಂದರೆ ಫ್ರೇಮ್ ಏರದಿದ್ದರೆ ತೊಂದರೆ ಕಾರ್ಡ್‌ನದಲ್ಲ. ನನ್ನಲ್ಲಿ ಏರಲಿಲ್ಲ. ಸರಾಸರಿ ಫ್ರೇಮ್ ಲೆಕ್ಕ ನೋಡಿ ಸಮಾಧಾನ ಪಟ್ಟುಕೊಳ್ಳಬಾರದು ಅಂತಲೂ ಆಗ ಅರ್ಥ ಆಯಿತು. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ನಡುವೆ ಒಂದೇ ಒಂದು ಫ್ರೇಮ್ 80 ತಗೊಂಡರೂ ಕಣ್ಣಿಗೆ ಹೊಡೆಯುತ್ತದೆ. ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ.

ಇದರ ಜೊತೆಗೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ನನ್ನ ಹಳೇ ಬೋರ್ಡ್‌ನಲ್ಲೂ ಇತ್ತು. ಆದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಮೇಲಿನದನ್ನು ಮಾತ್ರ ಒಪ್ಪುತ್ತಾರೆ, ಏಳನೆಯದರಲ್ಲಿ ಬೆರಳೆಣಿಕೆಯವು ಬಿಟ್ಟು ಉಳಿದವೆಲ್ಲ ಹೊರಗೆ. ನನ್ನ 7400 ಏಳನೆಯದು, ಅದೂ ಹೊರಗೆ.

"ಪ್ರೊಸೆಸರ್ ಒಂದೇ ಬದಲಾಯಿಸಿದರೆ ಸಾಕಲ್ವಾ ಮಾಮ?" ಅಂತ ಅಕ್ಕನ ಮಗ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ಆ ಬೋರ್ಡ್‌ಗೆ ಕೂರುವುದರಲ್ಲಿ ದೊಡ್ಡದು ಅಂದರೆ ಐ7-7700ಕೆ. ಕೋರ್ ಮತ್ತೆ ನಾಲ್ಕೇ, ಥ್ರೆಡ್ ಎಂಟು, ಈಗ ಸೆಕೆಂಡ್ ಹ್ಯಾಂಡೇ ಹುಡುಕಬೇಕು, ವಿಂಡೋಸ್ 11ರ ಪಟ್ಟಿಯಲ್ಲಿ ಅದೂ ಇಲ್ಲ. ಎಂಟನೇ ತಲೆಮಾರಿನ ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಹೆಸರು ಸಹ ಎಲ್‌ಜಿಎ 1151 ಅಂತಲೇ ಇದೆ. ಹಾಗಿದ್ದರೂ ನನ್ನದರಂಥ 200 ಸರಣಿಯ ಬೋರ್ಡ್‌ನಲ್ಲಿ ಅದು ನಡೆಯುವುದಿಲ್ಲ. ಹೆಸರು ಒಂದೇ ಇಟ್ಟು ಜನರನ್ನು ಹೀಗೆ ಗೊಂದಲಕ್ಕೆ ಹಾಕಬಾರದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಹಾಗಾಗಿ ಬೋರ್ಡೇ ಹೋಗಬೇಕಾಯಿತು.

ಹೊಸದಾಗಿ ಕಟ್ಟುವವರಿಗೆ ನಾನು ಎಎಂಡಿ ಕಂಪನಿಯ ಎಎಂ5 ಸಾಕೆಟ್‌ನ ರೈಜೆನ್ ಪ್ರೊಸೆಸರ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಮುಂದೆ ಬೋರ್ಡ್ ಹಾಗೇ ಇಟ್ಟು ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ಇರುತ್ತದೆ. ಆದರೆ ಅದಕ್ಕೆ ಡಿಡಿಆರ್5 ಅನ್ನುವ ಹೊಸ ತಲೆಮಾರಿನ ರ‍್ಯಾಮೇ ಬೇಕು, ಮತ್ತು 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಕೇಳಿದರೆ ಎದೆ ಧಸಕ್ ಅನ್ನುವ ಹಾಗಿತ್ತು. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿದ್ದವು. ನನ್ನ ಹತ್ತಿರ 16 ಜಿಬಿ ಡಿಡಿಆರ್4 ಒಳ್ಳೆಯದೇ ಇತ್ತು, ಅದನ್ನು ಬಿಸಾಡಿ ದುಬಾರಿ ರ‍್ಯಾಮ್ ಕೊಳ್ಳಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಐ5-12400, ಜೊತೆಗೆ ಡಿಡಿಆರ್4 ಹಾಕಬಹುದಾದ ಬಿ760 ಬೋರ್ಡ್ ಅಂತ ತೀರ್ಮಾನ ಮಾಡಿದೆ. ಆರು ಕೋರ್, ಹನ್ನೆರಡು ಥ್ರೆಡ್. ಹೆಸರಿನ ಕೊನೆಗೆ 'ಎಫ್' ಅಂತ ಇರುವುದು ಸ್ವಲ್ಪ ಅಗ್ಗ, ಆದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಹಿಂದೆ ಕಾರ್ಡ್ ಕೆಟ್ಟಾಗ ಬೋರ್ಡ್‌ನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿಯೇ ಆಫೀಸ್ ಕೆಲಸ ನಡೆಸಿದ್ದೆ. ಆ ಆಸರೆ ಬಿಟ್ಟುಕೊಡುವ ಹಾಗಿರಲಿಲ್ಲ.

ಬನಶಂಕರಿಯಿಂದ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆ ಎಸ್‌ಪಿ ರೋಡ್‌ಗೆ ಹೋಗುವುದಾದರೆ ಗಾಡಿ ತೆಗೆಯಬೇಡಿ. ಹಸಿರು ಮಾರ್ಗದ ಮೆಟ್ರೋ ಹತ್ತಿ ಮಾರ್ಕೆಟ್ ಅಥವಾ ಚಿಕ್ಕಪೇಟೆಯಲ್ಲಿ ಇಳಿದು ನಡೆದುಬಿಡಿ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಅದಕ್ಕೇ ನಾವು ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹೋದೆವು. ಎರಡು ಮೂರು ಕಡೆ ರೇಟ್ ವಿಚಾರಿಸಿ, ಮಹಡಿ ಮೇಲಿನ ಒಂದು ಸಣ್ಣ ಅಂಗಡಿಯಲ್ಲಿ ವ್ಯಾಪಾರ ಕುದುರಿತು. ಹುಡುಗ ಒಳಗಿಂದ ಬಾಕ್ಸ್ ತಂದಿಟ್ಟ. ನಾನು ಹೇಳಿದ ಮಾಡೆಲ್ಲೇ, ಆದರೆ ಹೆಸರಿನ ಕೊನೆಯಲ್ಲಿ 'ಡಿ4' ಇಲ್ಲ.

"ಅಣ್ಣಾ, ಇದು ಡಿಡಿಆರ್5ದು. ನಂಗೆ ಡಿ4 ಬೇಕು."

"ಎರಡೂ ಒಂದೇ ರೇಟ್ ಸರ್, ಇದೇ ತಗೊಳ್ಳಿ, ಲೇಟೆಸ್ಟ್."

"ರ‍್ಯಾಮ್ ನೀವು ಕೊಡ್ತೀರಾ?" ಅಂದೆ. ಅವರು ನಕ್ಕು, ಇನ್ನೊಂದು ಗೋಡೌನ್‌ನಿಂದ ಡಿ4 ತರಿಸಿಕೊಟ್ಟರು. ಎರಡು ಬಗೆಯ ರ‍್ಯಾಮ್‌ಗೂ 288 ಪಿನ್ನೇ, ಉದ್ದವೂ ಒಂದೇ, ಆದರೆ ಕೆಳಗಿನ ಕಚ್ಚು ಇರುವ ಜಾಗ ಬೇರೆ. ಒಂದರ ಸ್ಲಾಟ್‌ಗೆ ಇನ್ನೊಂದು ಇಳಿಯುವುದೇ ಇಲ್ಲ. ಹಾಗಾಗಿ ಆ ಎರಡು ಅಕ್ಷರ ಅಂಗಡಿಯಲ್ಲೇ ನೋಡಿಕೊಳ್ಳಿ. ಬಿಲ್‌ನಲ್ಲಿ ಜಿಎಸ್‌ಟಿ ಜೊತೆಗೆ ಪ್ರೊಸೆಸರ್, ಬೋರ್ಡ್ ಎರಡರ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಮುಂದೆ ವಾರಂಟಿಗೆ ಅದೇ ಗತಿ.

ಬಿಚ್ಚುವ ಮೊದಲಿನ ರಾತ್ರಿಯೇ ಒಂದು ಕೆಲಸ ಮುಗಿಸಿದ್ದೆ. ನನ್ನ ಎಸ್‌ಎಸ್‌ಡಿ ಡಿಸ್ಕನ್ನು ಭಾಗ ಮಾಡುವ ಹಳೇ ಎಂಬಿಆರ್ ಪದ್ಧತಿಯಲ್ಲಿತ್ತು. ಸೆಕ್ಯೂರ್ ಬೂಟ್‌ಗೆ (ಶುರುವಾಗುವಾಗ ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವ ಕಾವಲು) ಅದು ಆಗುವುದಿಲ್ಲ, ಹೊಸ ಜಿಪಿಟಿ ಪದ್ಧತಿ ಬೇಕು. ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ ಅಂತ ಒಂದು ಕಮಾಂಡ್ ಇದೆ, ಡೇಟಾ ಅಳಿಸದೆ ಬದಲಾಯಿಸಿ ಕೊಡುತ್ತದೆ. ಬ್ಯಾಕಪ್ ತಗೊಂಡು ಅದನ್ನು ಓಡಿಸಿ, ಹಳೇ ಬೋರ್ಡ್‌ನಲ್ಲೇ ಯುಇಎಫ್‌ಐ ಅನ್ನುವ ಹೊಸ ಬೂಟ್ ವಿಧಾನಕ್ಕೆ ಬದಲಿಸಿ, ಬೂಟ್ ಆಗುವುದನ್ನು ಕಣ್ಣಾರೆ ನೋಡಿಕೊಂಡೆ. ವಿಂಡೋಸ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಅಕೌಂಟ್‌ಗೆ ಜೋಡಿಸಿದೆ. ಹೊಸ ಬೋರ್ಡ್‌ನ ನೆಟ್‌ವರ್ಕ್ ಡ್ರೈವರ್ ಪೆನ್‌ಡ್ರೈವ್‌ಗೆ ಹಾಕಿಕೊಂಡೆ, ಯಾಕಂದರೆ ಇಂಟರ್ನೆಟ್ ಇಲ್ಲದೆ ಇಂಟರ್ನೆಟ್ ಡ್ರೈವರ್ ಇಳಿಸಿಕೊಳ್ಳಲು ಆಗುವುದಿಲ್ಲ.

ಮಧ್ಯಾಹ್ನ ಊಟ ಮಾಡಿ ಊಟದ ಮೇಜಿನ ಮೇಲೇ ಶುರು ಮಾಡಿದೆವು. ಹಳೇ ಫ್ಯಾನ್ ತೆಗೆದರೆ ರೆಕ್ಕೆಗಳ ಸಂದಿಯಲ್ಲಿ ಬೂದು ಬಣ್ಣದ ಧೂಳು ಬಟ್ಟೆಯ ಹಾಗೆ ಗಟ್ಟಿಯಾಗಿ ಕೂತಿತ್ತು, ನಮ್ಮ ರಸ್ತೆಯಲ್ಲಿ ಅಗೆತ ನಿಂತದ್ದೇ ಇಲ್ಲವಲ್ಲ. ಪೇಸ್ಟ್ ಒಣಗಿ ಪುಡಿಯಾಗಿತ್ತು. ಹಳೇ ಕೂಲರ್ ಹೊಸದಕ್ಕೆ ಬರುವುದಿಲ್ಲ. ಎಲ್‌ಜಿಎ 1700ರಲ್ಲಿ ತೂತುಗಳ ನಡುವಿನ ಅಂತರ 75 ಮಿಲಿಮೀಟರ್‌ನಿಂದ 78ಕ್ಕೆ ಹೋಗಿದೆ. ಪ್ರೊಸೆಸರ್ ಬಾಕ್ಸ್‌ನಲ್ಲೇ ಕೂಲರ್ ಬರುತ್ತದೆ, ತಳದಲ್ಲಿ ಪೇಸ್ಟ್ ಹಚ್ಚಿಯೇ ಇರುತ್ತದೆ. 65 ವಾಟ್‌ನ ಪ್ರೊಸೆಸರ್‌ಗೆ ನನ್ನ ಪ್ರಕಾರ ಅದೇ ಸಾಕು.

ಪ್ರೊಸೆಸರ್ ಕೂರಿಸುವ ಹೊತ್ತು ಮಾತ್ರ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಸಾಕೆಟ್ ತುಂಬ ಕೂದಲಿಗಿಂತ ಸಣ್ಣ ಚಿನ್ನದ ಬಣ್ಣದ ಪಿನ್‌ಗಳು, 1700. ಒಂದು ಬಾಗಿದರೂ ಬೋರ್ಡ್ ಹೋದ ಹಾಗೆ. ಮೊದಲು ಕರೆಂಟ್ ಕೊಡುವ ಡಬ್ಬಿ ಎಸ್‌ಎಂಪಿಎಸ್‌ನ ಲೋಹ ಮುಟ್ಟಿ ಮೈಯಲ್ಲಿನ ಸ್ಟಾಟಿಕ್ ಇಳಿಸಿಕೊಂಡು, ಅಂಚುಗಳನ್ನಷ್ಟೇ ಹಿಡಿದು, ಮೂಲೆಯ ತ್ರಿಕೋನ ನೋಡಿ ನೇರವಾಗಿ ಇಳಿಸಿದೆ. ಒತ್ತಬಾರದು, ಅದರ ಭಾರಕ್ಕೇ ಕೂರಬೇಕು. ಲಿವರ್ ಒತ್ತಿದಾಗ ಕರ್ರ್ ಅಂತ ಸದ್ದು ಬಂತು, ಅಕ್ಕನ ಮಗ "ಮಾಮ, ಮುರೀತು!" ಅಂತ ಕೂಗಿದ. ಇಲ್ಲ, ಅದು ಹಾಗೇ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಚಿಮ್ಮಿ ಹೊರಬಂತು. ಅದನ್ನು ಎಸೆಯದೆ ಬಾಕ್ಸ್‌ಗೆ ಹಾಕಿಟ್ಟೆವು, ಬೋರ್ಡ್ ಸರ್ವಿಸ್‌ಗೆ ಕಳಿಸುವಾಗ ಪಿನ್‌ಗಳ ರಕ್ಷಣೆಗೆ ಅದು ಬೇಕು.

ಪವರ್ ಬಟನ್ನಿನ ಸಣ್ಣ ವೈರ್‌ಗಳನ್ನು ಅವನಿಗೇ ಬಿಟ್ಟೆ. ತೆಳ್ಳನೆ ಬೆರಳು, ಚೂಪು ಕಣ್ಣು. ಮ್ಯಾನುಯಲ್ ಚಿತ್ರ ನೋಡುತ್ತಾ ಒಂದೊಂದೇ ಸಿಕ್ಕಿಸಿದ. ಪ್ರೊಸೆಸರ್‌ಗೆ ಹೋಗುವ ಎಂಟು ಪಿನ್ನಿನ ಕೇಬಲ್ ನಾಲ್ಕು-ನಾಲ್ಕಾಗಿ ಸೀಳುತ್ತದೆ, ಗ್ರಾಫಿಕ್ಸ್ ಕಾರ್ಡ್‌ನದು ಆರು-ಎರಡಾಗಿ. ನೋಡಲು ಒಂದೇ ತರಹ, ಆದ್ದರಿಂದ ಜೋರು ಮಾಡಿ ತುರುಕಬಾರದು ಅಂತ ಅವನಿಗೆ ತೋರಿಸಿಕೊಟ್ಟೆ.

ಸ್ವಿಚ್ ಹಾಕಿದೆವು. ಫ್ಯಾನ್ ತಿರುಗಿತು, ಬೋರ್ಡ್ ಮೇಲಿನ ರ‍್ಯಾಮ್‌ನ ದೀಪ ಉರಿದು ಆರಿತು, ಪರದೆ ಬಂತು. ಸೀದಾ ಬೋರ್ಡ್‌ನ ಸೆಟ್ಟಿಂಗ್ ಪರದೆ ಬಯೋಸ್‌ಗೆ ಹೋದೆ. ನಾನು ಎಲ್ಲಕ್ಕಿಂತ ಜಾಸ್ತಿ ಕಾದಿದ್ದ ಸಾಲು ಅಲ್ಲೇ ಇತ್ತು. ನನ್ನ ರ‍್ಯಾಮ್ 3200 ವೇಗದ್ದು, ಆದರೆ ಆ ಹಳೇ ಬಿ250 ಬೋರ್ಡ್ 2400ರ ಮೇಲೆ ಹೋಗಲು ಬಿಡುತ್ತಿರಲಿಲ್ಲ. ಅದನ್ನು ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್ಎಂಪಿ ಸೆಟ್ಟಿಂಗ್ ಆನ್ ಮಾಡಿ ಸೇವ್ ಮಾಡಿದೆ. ಮತ್ತೆ ಶುರುವಾದಾಗ 3200 ಅಂತ ತೋರಿಸಿತು. ದುಡ್ಡು ಕೊಟ್ಟು ತಂದ ವಸ್ತು ಅಷ್ಟು ದಿನಕ್ಕೆ ತನ್ನ ಪೂರ್ತಿ ಕೆಲಸ ಮಾಡಿತು ಅಂತ ತುಂಬಾ ಖುಷಿ ಆಯಿತು.

ವಿಂಡೋಸ್ 10 ತಾನೇ ಹೊಸ ಹಾರ್ಡ್‌ವೇರ್ ಗುರುತಿಸಿಕೊಂಡು ಎದ್ದಿತು, ಅದರ ಮೇಲೇ 11 ಹಾಕಿದೆ. ಸೆಕ್ಯೂರ್ ಬೂಟ್ ಆನ್ ಇರಲಿಲ್ಲ, ಅದನ್ನೂ ಹಾಕಿದೆ. ಅಕ್ಕನ ಮಗ ಆಡುವ ವ್ಯಾಲರೆಂಟ್, ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಆನ್ ಇದ್ದರೆ ಮಾತ್ರ ಓಡುತ್ತದೆ.

ರಾತ್ರಿ ಅದೇ ಬೀದಿಗೆ ಅದೇ ಕಾರು ನುಗ್ಗಿಸಿದೆ. ಕಾರ್ಡ್ 97, 98ರಲ್ಲಿ ದುಡಿಯುತ್ತಿದೆ, ಪ್ರೊಸೆಸರ್‌ಗೆ ಇನ್ನೂ ಉಸಿರಿದೆ. ಫ್ರೇಮ್ 60ರ ಮೇಲೇ ನಿಂತಿತು. ಅದಕ್ಕಿಂತ ಮುಖ್ಯ, ಆ ಗಕ್ಕನೆ ನಿಲ್ಲುವುದು ಹೋಯಿತು. ಕಾರ್ಡ್ ಅದೇ, ರ‍್ಯಾಮ್ ಅದೇ, ಮಾನಿಟರ್ ಅದೇ.

ಹಳೇ ಬೋರ್ಡ್ ಮತ್ತು 7400ಗೆ ಅಂಗಡಿಯಲ್ಲಿ ಹೇಳಿದ ಬೆಲೆ ಕೇಳಿ ಮಾರಲಿಲ್ಲ. ಮೊದಲ ದಿನಗಳ 8 ಜಿಬಿ ರ‍್ಯಾಮ್ ಡ್ರಾಯರ್‌ನಲ್ಲಿತ್ತು, ಅದನ್ನು ಹಾಕಿ ಲಿನಕ್ಸ್ ಮಿಂಟ್ ಇಳಿಸಿದರೆ ಅಕ್ಕನ ಮನೆಯಲ್ಲಿ ಓದಿಗೆ, ಬ್ರೌಸಿಂಗ್‌ಗೆ ಧಾರಾಳ ಆಗುತ್ತದೆ. ಒಂದು ಎಸ್‌ಎಂಪಿಎಸ್ ಬೇಕು ಅಷ್ಟೇ. ಅದನ್ನು ತರಲು ಅವನೇ ಹೋಗುತ್ತಾನಂತೆ, ಜೋಡಿಸುವುದೂ ಅವನೇ.